ಸ್ಯಾಂಡರ್ಸನ್ ದೊರೆಗಳ ಚರಿತ್ರೆ: ಚಾಮರಾಜನಗರ ಸೀಮೆಯ ಕಾಡನ್ನು ಕಣ್ಣಾರೆ ಕಂಡು ಬರೆದವರು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗಳ ಹಳ್ಳಿಗಳಲ್ಲಿರುವ ನಮ್ಮ ಸಭೆಯವರಿಗೆ ಕಾಡೆಂಬದು ದೂರದ ಸಂಗತಿಯಲ್ಲ. ಚಾಮರಾಜನಗರದ ಹೊಲಗಳಲ್ಲಿ ನಿಂತು ಮೂಡಲಿಗೆ ನೋಡುವವನಿಗೆ ಬಿಳಿಗಿರಿರಂಗನ ಬೆಟ್ಟಗಳ ಸಾಲು ನೀಲಿ ಗೋಡೆಯಂತೆ ಕಾಣುವದು. ಗುಂಡ್ಲುಪೇಟೆಯವರಿಗೆ ಹಿಮವದ್ಗೋಪಾಲಸ್ವಾಮಿ ಬೆಟ್ಟವೂ ಅದರ ಸುತ್ತಲಿನ ಬಂಡೀಪುರದ ಅರಣ್ಯವೂ ನಿತ್ಯದ ನೋಟವಾಗಿವೆ. ಬೆಳೆದು ನಿಂತ ರಾಗಿಯನ್ನು ಆನೆಯು ಒಂದೇ ರಾತ್ರಿಯಲ್ಲಿ ತುಳಿದುಹೋದಾಗ, ಕೊಟ್ಟಿಗೆಯ ದನವನ್ನು ಚಿರತೆಯು ಎಳೆದುಕೊಂಡು ಹೋದಾಗ, ಈ ನೆರೆಹೊರೆಯ ಕಷ್ಟವು ಎಷ್ಟೆಂಬದನ್ನು ನಮಗೆ ಇನ್ನೊಬ್ಬರು ಹೇಳಬೇಕಾದದ್ದಿಲ್ಲ. ಕಾಡನ್ನು ಭಯದಿಂದ ನೋಡುವವರು ಬಹಳ ಮಂದಿ. ಲಾಭಕ್ಕಾಗಿ ನೋಡುವವರೂ ಉಂಟು. ಅದನ್ನು ತಿಳಿದುಕೊಳ್ಳಬೇಕೆಂದು ತಾಳ್ಮೆಯಿಂದ ನೋಡಿದವರು ಮಾತ್ರ ಕೊಂಚ. ಅಂಥ ಕೊಂಚ ಮಂದಿಯಲ್ಲಿ ಒಬ್ಬರೂ, ಒಬ್ಬ ಮಿಷನೆರಿಯ ಮಗನೂ ಆಗಿದ್ದ ಜಾರ್ಜ್ ಪೆರೆಸ್ ಸ್ಯಾಂಡರ್ಸನ್ ದೊರೆಗಳ ಚರಿತ್ರೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಇವರ ತಂದೆಯಾದ ರೆವರೆಂಡ್ ದಾನಿಯೇಲ್ ಸ್ಯಾಂಡರ್ಸನ್ ಅಯ್ಯನವರು ವೆಸ್ಲಿಯನ್ ಮಿಷನ್ನಿನವರು. ಮೈಸೂರು ಸೀಮೆಯಲ್ಲಿ ಸುವಾರ್ತೆಯನ್ನು ಸಾರುವದಕ್ಕೆ ಬಂದ ಅವರು ಕನ್ನಡವನ್ನು ಬಾಯಿಮಾತಿಗೆ ಸಾಕಾಗುವಷ್ಟು ಮಾತ್ರ ಕಲಿತು ಬಿಟ್ಟವರಲ್ಲ. ಹಳೆಯ ಕಾವ್ಯವಾದ ಜೈಮಿನಿ ಭಾರತದ ಭಾಗಗಳನ್ನು ಇಂಗ್ಲಿಷ್ ತರ್ಜುಮೆಯೊಂದಿಗೆ 1852ರಲ್ಲಿ ಪ್ರಕಟಪಡಿಸಿದರು. ವಿಲಿಯಮ್ ರೀವ್ ಅಯ್ಯನವರು ಮೊದಲು ಮಾಡಿದ್ದ ಕನ್ನಡ ನಿಘಂಟನ್ನು ತಿದ್ದಿ, ಹೆಚ್ಚಿಸಿ, 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಾಶಾಲೆಯಿಂದ ಹೊರಡಿಸಿದರು. ಒಂದೊಂದು ಶಬ್ದವನ್ನೂ ಜನರ ಬಾಯಿಂದ ಕೇಳಿ, ಅದರ ಅರ್ಥವನ್ನು ತೂಗಿ, ಸಂದೇಹವಿದ್ದರೆ ಮತ್ತೊಮ್ಮೆ ವಿಚಾರಿಸಿ ಬರೆಯುವದೇ ನಿಘಂಟುಕಾರನ ಕೆಲಸ. ತಂದೆಯು ಶಬ್ದಗಳ ವಿಷಯದಲ್ಲಿ ಮಾಡಿದ ಈ ಕೆಲಸವನ್ನೇ ಮಗನು ಮುಂದೆ ಮೃಗಗಳ ವಿಷಯದಲ್ಲಿ ಮಾಡಿದನೆಂದು ಹೇಳಿದರೆ ತಪ್ಪಾಗಲಾರದು.

ಜಾರ್ಜ್ ದೊರೆಗಳು 1848ರಲ್ಲಿ ಇಂಡಿಯ ದೇಶದಲ್ಲಿಯೇ ಹುಟ್ಟಿದರು. ಆ ಕಾಲದ ಮಿಷನೆರಿಗಳ ಮಕ್ಕಳೆಲ್ಲರಂತೆ ಇವರನ್ನೂ ವಿದ್ಯಾಭ್ಯಾಸಕ್ಕಾಗಿ ಚಿಕ್ಕಂದಿನಲ್ಲಿಯೇ ಇಂಗ್ಲೆಂಡಿಗೆ ಕಳುಹಿಸಿದರು. 1864ರಲ್ಲಿ, ಹದಿನಾರು ವರುಷದ ಹುಡುಗನಾಗಿ, ಅವರು ಈ ದೇಶಕ್ಕೆ ತಿರಿಗಿ ಬಂದರು. ಆಗ ಮೈಸೂರು ಸಂಸ್ಥಾನವು ಇಂಗ್ಲಿಷ್ ಕಮಿಷನರರ ಆಡಳಿತದಲ್ಲಿತ್ತು. 1831ರಲ್ಲಿ ಆರಂಭವಾದ ಆ ಆಡಳಿತವು 1881ರ ವರೆಗೆ ನಡೆಯಿತು. ಹುಡುಗನು ಮೊದಲು ಮಾಡಿದ ಕೆಲಸವೇನೆಂದರೆ ಕನ್ನಡವನ್ನು ಚೆನ್ನಾಗಿ ಓದಿ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು. ಆ ಮೇಲೆ ಸರಕಾರದ ನೀರಾವರಿ ಕಾಲುವೆಗಳ ಇಲಾಖೆಯಲ್ಲಿ ಅವರಿಗೆ ಉದ್ಯೋಗ ದೊರೆಯಿತು.

ಕಾಲುವೆಯ ಅಧಿಕಾರಿಯ ಕೆಲಸವು ಕುರ್ಚಿಯಲ್ಲಿ ಕುಳಿತು ಮಾಡತಕ್ಕದ್ದಲ್ಲವೆಂಬದು ನಮ್ಮ ಬೇಸಾಯಗಾರರಿಗೆ ತಿಳಿದದ್ದೇ. ಅಣೆಯು ಎಲ್ಲಿ ಒಡೆದಿದೆ, ತೂಬು ಎಲ್ಲಿ ಮುಚ್ಚಿದೆ, ಕೊನೆಯ ಗದ್ದೆಗೆ ನೀರು ಮುಟ್ಟಿತೋ ಇಲ್ಲವೋ ಎಂಬದನ್ನು ನಡೆದುಹೋಗಿ ನೋಡಬೇಕು. ಕೆಳಗದ್ದೆಯವನ ದೂರನ್ನೂ ಮೇಲುಗದ್ದೆಯವನ ಉತ್ತರವನ್ನೂ ಅವರವರ ಮಾತಿನಲ್ಲಿಯೇ ಕೇಳಬೇಕು. ಹೀಗೆ ಊರಿಂದ ಊರಿಗೆ ತಿರುಗುತ್ತಾ ಆ ಯೌವನಸ್ಥನು ಮೈಸೂರಿನ ತೆಂಕಣ ಸೀಮೆಯ ಹೊಳೆ, ಕೆರೆ, ಕಾಡು, ಕಣಿವೆಗಳನ್ನು ತನ್ನ ಅಂಗೈಯಂತೆ ಬಲ್ಲವನಾದನು.

ಚಾಮರಾಜನಗರಕ್ಕೆ ಸಮೀಪವಾಗಿ, ತಮ್ಮ ಗ್ರಂಥದಲ್ಲಿ ಮೊರ್ಲೆ ಎಂದು ಅವರು ಹೆಸರಿಸಿದ ಹಳ್ಳಿಯ ಬಳಿಯಲ್ಲಿ, ಸ್ಯಾಂಡರ್ಸನ್ ದೊರೆಗಳು ಒಂದು ಬಂಗಲೆಯನ್ನು ಕಟ್ಟಿಸಿಕೊಂಡರು. ಆ ಸ್ಥಳವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಈಗ ಸುವರ್ಣಾವತಿ ಎನ್ನಿಸಿಕೊಳ್ಳುವ ಹೊನ್ನುಹೊಳೆಯು ತೆಂಕಣ ಬೆಟ್ಟಗಳಲ್ಲಿ ಹುಟ್ಟಿ, ಕಾಡಿನೊಳಗಿಂದ ಬಯಲಿಗೆ ಇಳಿದು, ಯಳಂದೂರಿನ ಕಡೆಗೆ ಹರಿದು, ಕಡೆಗೆ ಕಾವೇರಿಯನ್ನು ಸೇರುವದು. ಈ ಹೊಳೆಯ ದಡದಲ್ಲಿ ಬೇಸಾಯವೂ ಕಾಡೂ ಒಂದಕ್ಕೊಂದು ತಾಗಿಕೊಂಡಿರುವವು. ಬೆಟ್ಟದ ಮೇಲೆ ಒಂದು ಬಗೆಯ ಕಾಡು, ಅದರ ತಪ್ಪಲಲ್ಲಿ ಇನ್ನೊಂದು ಬಗೆ. ಕೆಳಗೆ ಮುಳ್ಳುಪೊದೆಗಳೂ ಒಣಹುಲ್ಲೂ ಇರುವವು. ಸ್ವಲ್ಪ ಏರಿದರೆ ಬೇಸಗೆಯಲ್ಲಿ ಎಲೆ ಉದುರಿಸುವ ದಿಂಡಿಗ, ಮತ್ತಿ, ಹೊನ್ನೆ ಮರಗಳೂ ಬಿದಿರ ಮೆಳೆಗಳೂ ಕಾಣುವವು. ಇನ್ನೂ ಮೇಲೆ ಹೋದರೆ ಹುಲ್ಲುಬಯಲೂ, ಕಣಿವೆಯ ಮಡಿಲಲ್ಲಿ ಸದಾ ಹಸುರಾಗಿರುವ ಶೋಲೆಯೂ ಸಿಕ್ಕುವವು. ಒಂದು ದಿನದ ನಡಿಗೆಯಲ್ಲಿ ಇಷ್ಟು ಬಗೆಯ ಕಾಡನ್ನು ಕಾಣುವ ಸೀಮೆಗಳು ವಿರಳ.

ಅಲ್ಲಿನ ಕಲ್ಲುಗಳೂ ಸಾಮಾನ್ಯವಾದವುಗಳಲ್ಲ. ಬಿಳಿಗಿರಿರಂಗನ ಬೆಟ್ಟಗಳ ಗಟ್ಟಿಯಾದ ನಸುಗಪ್ಪು ಕಲ್ಲನ್ನು ಭೂಗರ್ಭಶಾಸ್ತ್ರದವರು ಚಾರ್ನೊಕೈಟ್ ಎಂದು ಕರೆಯುತ್ತಾರೆ. ನೆಲದ ಬಹು ಆಳದಲ್ಲಿ ಮಹಾ ಕಾವಿನಿಂದಲೂ ಒತ್ತಡದಿಂದಲೂ ಆ ರೂಪವನ್ನು ಹೊಂದಿದ ಇದು, ಇನ್ನೂರೈವತ್ತು ಕೋಟಿ ವರುಷಗಳಷ್ಟು ಹಳೆಯದೆಂದು ಅವರು ಹೇಳುತ್ತಾರೆ. ನಮ್ಮ ಸೀಮೆಯ ಕ್ವಾರಿಗಳಲ್ಲಿ ಒಡೆದು ತೆಗೆದು, ಸಮಾಧಿಗಳಿಗಾಗಿ ಪರದೇಶಗಳಿಗೆ ಕೂಡ ಹೋಗುವ ಚಾಮರಾಜನಗರದ ಕರಿಕಲ್ಲು ಬೇರೊಂದು ಜಾತಿಯದು. ಅದು ಕರಗಿದ ದ್ರವವಾಗಿ ಹಳೆಯ ಬಂಡೆಗಳ ಬಿರುಕುಗಳೊಳಗೆ ನುಗ್ಗಿ ಆರಿ ಗಟ್ಟಿಯಾದದ್ದು. ಬೆಟ್ಟಗಳು ಹುಟ್ಟುವದಕ್ಕಿಂತ ಮುಂಚೆ ಇದ್ದಾತನನ್ನು ಕೀರ್ತಿಸುವ ನಾವು, ಆ ಬೆಟ್ಟಗಳು ಎಷ್ಟು ಪುರಾತನವೆಂದು ತಿಳಿಯುವದರಿಂದ ಆತನ ಮಹಿಮೆಯನ್ನು ಇನ್ನೂ ಹೆಚ್ಚಾಗಿ ಕಾಣುವೆವಲ್ಲವೇ?

ಸ್ಯಾಂಡರ್ಸನ್ ದೊರೆಗಳಿಗಿಂತ ಮುಂಚೆಯೂ ಈ ಸೀಮೆಯನ್ನು ನೋಡಿ ಬರೆದವರಿದ್ದರು. ಶ್ರೀರಂಗಪಟ್ಟಣವು ಬಿದ್ದ ಮರುವರುಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಸತ್ತೇಗಾಲ, ಶಿವನಸಮುದ್ರ, ಹನೂರು, ಕೌದಳ್ಳಿಗಳ ಮಾರ್ಗವಾಗಿ ಪ್ರಯಾಣಮಾಡಿ ಬೆಳೆ, ಮಣ್ಣು, ಕಲ್ಲು, ಮರ, ಜನ ಎಲ್ಲವನ್ನೂ ಬರೆದುಕೊಂಡು ಹೋದರು. ಆದರೆ ಅವರು ದಾರಿಹೋಕರು. ಸ್ಯಾಂಡರ್ಸನ್ ದೊರೆಗಳು ಇಲ್ಲಿಯೇ ಬಿಡಾರ ಹೂಡಿದರು; ಒಂದೇ ಕಾಡನ್ನು ಮಳೆಗಾಲ ಚಳಿಗಾಲ ಬೇಸಗೆಗಳಲ್ಲಿ ವರುಷ ವರುಷವೂ ನೋಡಿದರು.

ಇವರಿಗೆ ಕಾಡಿನ ವಿದ್ಯೆಯನ್ನು ಕಲಿಸಿದವರು ಯಾರು? ವಿಲಾಯತಿಯ ಪಂಡಿತರಲ್ಲ. ಮೊರ್ಲೆಯ ಹಳ್ಳಿಗರು, ಬೆಟ್ಟದ ಸೋಲಿಗರು, ಕಾಕನಕೋಟೆಯ ಕಡೆಯ ಕಾಡುಕುರುಬರು ಇವರೇ ಅವರ ಗುರುಗಳು. ಮುರಿದ ಹುಲ್ಲಿನ ಕಡ್ಡಿಯಿಂದ ಮೃಗವು ಹೋದ ಹೊತ್ತನ್ನೂ, ಲದ್ದಿಯ ಬಿಸಿಯಿಂದ ಆನೆಯು ಇರುವ ದೂರವನ್ನೂ, ಕೆಸರಿನಲ್ಲಿ ಮೂಡಿದ ಹೆಜ್ಜೆಯಿಂದ ಅದು ಗಂಡೋ ಹೆಣ್ಣೋ ಎಂಬದನ್ನೂ ಈ ಜನರು ಓದಬಲ್ಲವರು. ಅಕ್ಷರವನ್ನು ಅರಿಯದವರೆಂದು ಬಯಲಿನವರು ಅವರನ್ನು ಹೀನೈಸುತ್ತಿದ್ದಾಗ, ಈ ದೊರೆಯು ಅವರ ಹಿಂದೆ ಹಿಂದೆ ನಡೆದು ಅವರ ಪಾಠವನ್ನು ಕಲಿತನು. ಕನ್ನಡವು ನಾಲಿಗೆಯ ಮೇಲೆ ಇದ್ದದರಿಂದ ನಡುವೆ ದುಭಾಷಿಯು ಬೇಕಾಗಲಿಲ್ಲ. ಕೇಳಿದ್ದೆಲ್ಲವನ್ನೂ ಹಾಗೆಯೇ ನಂಬಲೂ ಇಲ್ಲ, ಅಜ್ಞಾನಿಗಳ ಮಾತೆಂದು ತಳ್ಳಿಬಿಡಲೂ ಇಲ್ಲ. ಕಾಡಿಗೆ ಹೋಗಿ ತಾವೇ ಪರೀಕ್ಷಿಸಿ, ನಿಜವಾದದ್ದನ್ನು ಹಿಡಿದುಕೊಂಡರು.

ಇದಕ್ಕೆ ಕೆಲವು ದೃಷ್ಟಾಂತಗಳನ್ನು ಕೊಡುತ್ತೇವೆ. ಆ ದಿನಗಳಲ್ಲಿ ಹನ್ನೆರಡು, ಹದಿನೈದು ಅಡಿ ಎತ್ತರದ ಆನೆಗಳುಂಟೆಂದು ದೊಡ್ಡವರು ಚಿಕ್ಕವರು ಎಲ್ಲರೂ ಹೇಳಿಕೊಳ್ಳುತ್ತಿದ್ದರು. ಸ್ಯಾಂಡರ್ಸನ್ ದೊರೆಗಳು ಅಳತೆಯ ಕೋಲನ್ನು ಹಿಡಿದು ಆನೆಗಳ ಹೆಗಲನ್ನು ಅಳೆದು, ನಮ್ಮ ದೇಶದ ಆನೆಯು ಹತ್ತು ಅಡಿಯನ್ನು ಮುಟ್ಟುವದೇ ಕಷ್ಟವೆಂದು ಬರೆದರು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಆನೆಯ ಎತ್ತರವು ಹೆಚ್ಚುಕಡಿಮೆ ಸರಿಯಾಗಿ ಸಿಕ್ಕುವದೆಂಬ ಲೆಕ್ಕವನ್ನೂ ತೋರಿಸಿದರು. ಇದನ್ನು ನಮ್ಮ ಹುಡುಗರು ಕೆರೆಯಂಗಳದ ಕೆಸರಿನಲ್ಲಿ ಬಿದ್ದ ಹೆಜ್ಜೆಯಿಂದ ಲೆಕ್ಕ ಮಾಡಬಹುದು. ಆನೆಯ ಹತ್ತಿರ ಹೋಗಬೇಕಾದದ್ದಿಲ್ಲ. ಇನ್ನು, ಹಿಂಡಿನ ಮುಂದೆ ನಡೆಯುವದು ದೊಡ್ಡ ಕೊಂಬಿನ ಸಲಗವೆಂದು ಜನರು ಎಣಿಸಿದ್ದರು. ದಾರಿ ತೋರಿಸುವದು ಯಾವಾಗಲೂ ಹೆಣ್ಣಾನೆಯೇ ಎಂಬದನ್ನೂ, ಒಂದು ಹಿಂಡೆಂದರೆ ತಾಯಿ ಮಕ್ಕಳ ಒಂದು ಕುಟುಂಬವೆಂಬದನ್ನೂ ಅವರು ಕಂಡು ಬರೆದರು. ಆನೆಯು ಸ್ವಭಾವದಿಂದ ಅಂಜುಬುರುಕವಾದ ಸಾಧುಮೃಗ. ಒಂಟಿ ಸಲಗವೂ ಮರಿಯಿರುವ ತಾಯಿಯೂ ಕೆಣಕಲ್ಪಟ್ಟಾಗಲೇ ಅಪಾಯಕರವೆಂದು ತಿಳಿಸಿದರು. ಆ ಮೇಲೆ ಬಂದ ಶಾಸ್ತ್ರಜ್ಞರು ಈ ಮಾತುಗಳಲ್ಲಿ ಬಹುಭಾಗವನ್ನು ಸ್ಥಿರಪಡಿಸಿದ್ದಾರೆ.

ಹುಲಿಯ ವಿಷಯದಲ್ಲಿ ಅವರು ಬರೆದದ್ದನ್ನು ಓದಿದರೆ ನಮ್ಮ ಬೇಸಾಯಗಾರರು ಇಂದಿಗೂ ಆಶ್ಚರ್ಯಪಡುವರು. ಆ ಕಾಲದಲ್ಲಿ ಹುಲಿಯನ್ನು ಕೊಂದವರಿಗೆ ಸರಕಾರವೇ ಇನಾಮು ಕೊಡುತ್ತಿತ್ತು. ಆದರೆ ಹುಲಿಗಳೆಲ್ಲವೂ ಒಂದೇ ಬಗೆಯವಲ್ಲವೆಂದು ಸ್ಯಾಂಡರ್ಸನ್ ದೊರೆಗಳು ವಾದಿಸಿದರು. ಕಾಡಿನ ಜಿಂಕೆ ಹಂದಿಗಳನ್ನು ತಿನ್ನುವ ಹುಲಿಗಳು, ದನಗಳನ್ನು ಹಿಡಿಯುವ ಹುಲಿಗಳು, ನರಭಕ್ಷಕ ಹುಲಿಗಳು ಎಂದು ಮೂರು ವಿಧ. ಇವುಗಳಲ್ಲಿ ಮೊದಲನೆಯದು ಬೇಸಾಯಗಾರನ ಹಗೆಯಲ್ಲ, ಮಿತ್ರನು. ಯಾಕಂದರೆ ಹೊಲವನ್ನು ಕೆಡಿಸುವ ಹಂದಿ ಜಿಂಕೆಗಳ ಸಂಖ್ಯೆಯನ್ನು ಅದೇ ಹತೋಟಿಯಲ್ಲಿಡುವದು. ಎರಡನೆಯದರಿಂದ ನಷ್ಟವಾಗುವದು ನಿಜವೇ. ಆದರೂ ಅದು ಅನೇಕ ಸಲ ಮುದಿಯಾದ, ಕೆಲಸಕ್ಕೆ ಬಾರದ ದನವನ್ನೇ ಹಿಡಿಯುವದು. ಹುಲಿಯನ್ನು ಪೂರಾ ನಿರ್ಮೂಲಮಾಡಿದರೆ ರೈತನಿಗೆ ಒಳ್ಳೆಯದಾಗದೆಂಬದು ಅವರ ಅಭಿಪ್ರಾಯವಾಗಿತ್ತು. ನೂರೈವತ್ತು ವರುಷಗಳ ಹಿಂದೆ, ಬಂದೂಕನ್ನು ಹಿಡಿದವನೊಬ್ಬನು ಈ ಮಾತನ್ನು ಹೇಳಬೇಕಾದರೆ ಅವನು ಕಣ್ಣು ತೆರೆದು ನೋಡಿದವನೇ ಆಗಿರಬೇಕು.

ಮೂರನೆಯ ವಿಧವಾದ ನರಭಕ್ಷಕವನ್ನು ಮಾತ್ರ ಅವರು ಕರುಣಿಸಲಿಲ್ಲ. ಅಯ್ಯನಪುರದ ಕಡೆಯಲ್ಲಿ ಒಂದು ಹೆಣ್ಣುಹುಲಿಯು ಮನುಷ್ಯರನ್ನು ಹಿಡಿಯುವದಕ್ಕೆ ತೊಡಗಿತು. ಜನರು ಹೊತ್ತು ಮುಳುಗುವದಕ್ಕೆ ಮುಂಚೆ ಬಾಗಲು ಹಾಕಿಕೊಂಡರು. ಗುಂಪು ಕೂಡದೆ ಯಾರೂ ದಾರಿ ನಡೆಯಲಿಲ್ಲ. ಇಂಥ ಹುಲಿಯು ಕೊಂದವರ ದೆವ್ವವೇ ಅದರ ತಲೆಯ ಮೇಲೆ ಕುಳಿತು ಬೇಟೆಗಾರನ ಸುಳಿವನ್ನು ಅದಕ್ಕೆ ಹೇಳುವದೆಂದು ಆ ಕಾಲದಲ್ಲಿ ಹಲವು ಕಡೆ ನಂಬುತ್ತಿದ್ದರು. ಅಂಥ ನಂಬಿಕೆಯು ಜನರ ಕೈಕಾಲುಗಳನ್ನು ಕಟ್ಟಿಹಾಕುವದು. ದೆವ್ವದೊಡನೆ ಹೋರಾಡುವವನು ಯಾರು? ಸ್ಯಾಂಡರ್ಸನ್ ದೊರೆಗಳು ಹಳ್ಳಿಯ ಹೆಜ್ಜೆಗಾರರನ್ನು ಕೂಡಿಕೊಂಡು, ಬಹುಕಾಲ ಅದರ ಜಾಡನ್ನು ಹಿಡಿದು, ಅನೇಕ ಸಲ ನಿರಾಶರಾಗಿ, ಕಡೆಗೆ ಅದನ್ನು ಹೊಡೆದುರುಳಿಸಿದರು. ಸತ್ತು ಬಿದ್ದ ಮೇಲೆ ಅದು ಹುಲಿಯೇ ಹೊರತು ಮತ್ತೇನೂ ಆಗಿರಲಿಲ್ಲ.

ಈಗ ಅವರ ಹೆಸರನ್ನು ಪ್ರಖ್ಯಾತಪಡಿಸಿದ ಕಾರ್ಯಕ್ಕೆ ಬರೋಣ. ಹೊನ್ನುಹೊಳೆಯ ದಡದ ಹೊಲಗಳಿಗೆ ಆನೆಗಳ ಹಿಂಡುಗಳು ಮಳೆಗಾಲದ ಆರಂಭದಲ್ಲಿ ಇಳಿದು ಬರುತ್ತಿದ್ದವು. ಬೇಸಾಯಗಾರರು ಅಟ್ಟಣೆಗಳ ಮೇಲೆ ಕುಳಿತು, ತಮಟೆ ಬಾರಿಸಿ, ಕೊಳ್ಳಿಗಳನ್ನು ಬೀಸಿ, ನಿದ್ದೆಗೆಟ್ಟು ಕಾದರೂ ಬೆಳೆಯು ಉಳಿಯುತ್ತಿರಲಿಲ್ಲ. ನೀರನ್ನು ಕೊಡುವದಕ್ಕೆ ನೇಮಕವಾದ ಅಧಿಕಾರಿಯು, ನೀರು ಮುಟ್ಟಿದ ಗದ್ದೆಯೇ ಆನೆಯ ಪಾಲಾಗುವದನ್ನು ಕಂಡು, ಏನು ಮಾಡಬಹುದೆಂದು ಯೋಚಿಸಿದನು. ಆನೆಗಳನ್ನು ಹಿಡಿಯುವದಕ್ಕೆ ಆಗ ಈ ಸೀಮೆಯಲ್ಲಿ ಬಳಕೆಯಲ್ಲಿದ್ದ ಉಪಾಯವು ಗುಂಡಿಯದು. ಆಳವಾದ ಗುಂಡಿಯನ್ನು ತೋಡಿ ಸೊಪ್ಪು ಮುಚ್ಚಿದರೆ, ಬಿದ್ದ ಆನೆಯ ಕಾಲು ಮುರಿಯುವದು. ಅಥವಾ ನೋಡುವವರಿಲ್ಲದೆ ಅದು ಅಲ್ಲಿಯೇ ಹಸಿದು ಸಾಯುವದು. ಇದು ಕ್ರೂರವೂ ನಿಷ್ಪ್ರಯೋಜಕವೂ ಆದ ಕೆಲಸವೆಂದು ಸ್ಯಾಂಡರ್ಸನ್ ದೊರೆಗಳು ಖಂಡಿಸಿ ಬರೆದರು. ಬಂಗಾಳದಲ್ಲಿ ನಡೆಯುತ್ತಿದ್ದಂತೆ ಖೆಡ್ಡಾದೊಳಗೆ ಹಿಂಡನ್ನೇ ಅಟ್ಟಿ ಹಿಡಿಯಬೇಕೆಂದು ಅವರು 1873ರಲ್ಲಿ ಮೈಸೂರು ಸರಕಾರದ ಅಪ್ಪಣೆಯನ್ನು ಪಡೆದರು.

ನಗುವವರು ಬಹಳ ಮಂದಿ ಇದ್ದರು. ಹೈದರಾಲಿಯೇ ಕಾಕನಕೋಟೆಯ ಕಾಡಿನಲ್ಲಿ ಪ್ರಯತ್ನಿಸಿ ಸೋತು, ಮುಂದೆ ಯಾರೂ ಇದರಲ್ಲಿ ಗೆಲ್ಲಲಾರರೆಂದು ಶಾಪವನ್ನು ಕಲ್ಲಿನ ಮೇಲೆ ಕೊರೆಯಿಸಿದ್ದನೆಂಬ ಐತಿಹ್ಯವಿತ್ತು. ಸ್ಯಾಂಡರ್ಸನ್ ದೊರೆಗಳಾದರೋ ಅದು ವರೆಗೆ ಆನೆಯನ್ನು ಹಿಡಿದವರಲ್ಲ. ಅವರ ಸಂಗಡಿಗರೂ ಹಿಡಿದವರಲ್ಲ. ಮೊದಲನೆಯ ಯತ್ನವು ನಿಷ್ಫಲವಾಯಿತು. ಅವರು ಎದೆಗುಂದದೆ, ಹಿಂಡುಗಳು ಯಾವ ತಿಂಗಳಲ್ಲಿ ಯಾವ ದಾರಿಯಿಂದ ಬರುವವು, ಎಲ್ಲಿ ನೀರು ಕುಡಿಯುವವು, ಎಲ್ಲಿ ಹಗಲನ್ನು ಕಳೆಯುವವು ಎಂಬದನ್ನು ಇನ್ನೊಮ್ಮೆ ಶೋಧಿಸಿದರು. 1874ರ ಜೂನ್ ತಿಂಗಳಲ್ಲಿ ಒಂದು ದೊಡ್ಡ ಹಿಂಡು ಹೊನ್ನುಹೊಳೆಯ ಕಾಡಿಗೆ ಇಳಿಯಿತು. ಸುತ್ತಲಿನ ಹಳ್ಳಿಗಳ ಜನರು ಗುಂಪುಗುಂಪಾಗಿ ಬಂದು ಕೂಡಿದರು. ಕಂದಕಗಳನ್ನು ತೋಡಿದರು, ಕಾಡಿನ ಸುತ್ತಲೂ ಕಾವಲು ಹಾಕಿ, ರಾತ್ರಿಯಲ್ಲಿ ಬೆಂಕಿಗಳನ್ನು ಉರಿಸಿ, ಹಿಂಡು ತಪ್ಪಿಸಿಕೊಳ್ಳದಂತೆ ಕಾದರು, ಗಟ್ಟಿಯಾದ ಮರದ ದಿಮ್ಮಿಗಳಿಂದ ಖೆಡ್ಡಾವನ್ನೂ ಅದಕ್ಕೆ ಬೀಳುಬಾಗಲನ್ನೂ ಮಾಡಿದರು. ಕಡೆಗೆ ಹಿಂಡು ಒಳಹೊಕ್ಕಿತು, ಬಾಗಲು ಬಿದ್ದಿತು. ಪಳಗಿದ ಆನೆಗಳ ಮೇಲೆ ಮಾವುತರು ಒಳಗೆ ಹೋಗಿ, ಕಾಡಾನೆಗಳ ಹಿಂಗಾಲುಗಳಿಗೆ ಹಗ್ಗವನ್ನು ಬಿಗಿದರು. ಒಂದೇ ಸಲಕ್ಕೆ ಐವತ್ತಕ್ಕೂ ಮೇಲ್ಪಟ್ಟು ಆನೆಗಳು ಸೆರೆಯಾದವು. ಮೈಸೂರು ಸೀಮೆಯಲ್ಲಿ ಅದಕ್ಕೆ ಮುಂಚೆ ಇಂಥದು ನಡೆದಿರಲಿಲ್ಲ.

ಪ್ರಿಯ ವಾಚಕರೇ, ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಹೊಲಗಳಿಗೆ ಬಿಡುಗಡೆಯಾಯಿತೆಂದು ಜನರು ಸಂತೋಷಪಟ್ಟರು; ಅದು ನ್ಯಾಯವೇ. ಆದರೂ ತಾಯಿಯನ್ನು ಅಗಲಿದ ಮರಿಗಳ ಕೂಗೂ, ಹಗ್ಗವನ್ನು ಹರಿಯುವದಕ್ಕೆ ಹೆಣಗಿ ಗಾಯಗೊಂಡ ಕಾಲುಗಳೂ ಆ ಖೆಡ್ಡಾದಲ್ಲಿದ್ದವು. ಸೆರೆಯಾದವುಗಳಲ್ಲಿ ಕೆಲವು ಸತ್ತವು. ಸ್ಯಾಂಡರ್ಸನ್ ದೊರೆಗಳು ಈ ಸಾವುಗಳನ್ನು ಮುಚ್ಚಿಡದೆ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಅವರು ಕಾಲದ ಮನುಷ್ಯರೇ ಆಗಿದ್ದರು. ಆನೆ, ಹುಲಿ, ಕಾಟಿಗಳನ್ನು ಬೇಟೆಯ ಸಂತೋಷಕ್ಕಾಗಿಯೂ ಕೊಂದರು. ಅದನ್ನು ನಾವು ಹೊಗಳುವದಿಲ್ಲ, ಮರೆಮಾಚುವದೂ ಇಲ್ಲ. ಅವರ ಅಂತರಂಗದ ಭಕ್ತಿಯನ್ನು ಕುರಿತು ತೀರ್ಪು ಹೇಳತಕ್ಕವರೂ ನಾವಲ್ಲ. ಕಂಡದ್ದನ್ನು ಕಂಡ ಹಾಗೆಯೇ ಬರೆದ ಅವರ ಸತ್ಯವನ್ನು ಮಾತ್ರ ನಾವು ಎತ್ತಿ ತೋರಿಸುತ್ತೇವೆ. ಆ ಸತ್ಯದಿಂದಲೇ ಮುಂದಿನವರು, ಮಾಡಿದ್ದರಲ್ಲಿ ಸರಿಯಾವದು ತಪ್ಪಾವದು ಎಂದು ಅಳೆಯುವದಕ್ಕೆ ಶಕ್ತರಾದರು.

ಈ ಕಾರ್ಯದ ಸುದ್ದಿಯು ಹಬ್ಬಿದ ಮೇಲೆ 1875ರಲ್ಲಿ ಸರಕಾರವು ಅವರನ್ನು ಬಂಗಾಳಕ್ಕೆ ಕರೆಯಿಸಿ, ಢಾಕಾದಲ್ಲಿದ್ದ ಆನೆ ಹಿಡಿಯುವ ಇಲಾಖೆಯನ್ನು ಅವರ ವಶಕ್ಕೆ ಕೊಟ್ಟಿತು. ಚಿತ್ತಗಾಂಗಿನ ಬೆಟ್ಟಗಳಲ್ಲಿ ಅವರು 85 ಆನೆಗಳನ್ನು ಹಿಡಿದರು. ಗಾರೋ ಬೆಟ್ಟಗಳಲ್ಲಿಯೂ ಕೆಲಸಮಾಡಿದರು. ಆ ಕಾಡುಗಳಲ್ಲಿ ಜ್ವರವು ಬಹಳ. 1878ರಲ್ಲಿ ಲಂಡನ್ನಿನಲ್ಲಿ ಅವರ ಗ್ರಂಥವು ಪ್ರಕಟವಾಯಿತು. ಇಂಡಿಯದ ಕಾಡುಮೃಗಗಳ ನಡುವೆ ಹದಿಮೂರು ವರುಷಗಳು ಎಂಬ ಅರ್ಥ ಬರುವ ಹೆಸರು ಅದಕ್ಕೆ. ಮೊರ್ಲೆ, ಹೊನ್ನುಹೊಳೆ, ಬಿಳಿಗಿರಿರಂಗನ ಬೆಟ್ಟ ಇವುಗಳ ಹೆಸರು ಅದರ ಮೂಲಕ ದೂರದೇಶದವರ ಕಿವಿಗೂ ಬಿತ್ತು. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರನಾದ ಆಲ್ಬರ್ಟ್ ವಿಕ್ಟರನು ಮೈಸೂರಿಗೆ ಬಂದಾಗ, ಚಾಮರಾಜೇಂದ್ರ ಒಡೆಯರ ಸರಕಾರಕ್ಕಾಗಿ ಖೆಡ್ಡಾವನ್ನು ನಡಿಸಿದವರೂ ಇವರೇ.

ಆದರೆ ಕಾಡಿನಲ್ಲಿ ಕಳೆದ ವರುಷಗಳು ದೇಹವನ್ನು ಸವೆಯಿಸಿದ್ದವು. 1892ರಲ್ಲಿ ಮದ್ರಾಸಿನಲ್ಲಿ ಅವರು ತೀರಿಹೋದರು. ಆಗ ಅವರಿಗೆ ನಾಲ್ವತ್ತನಾಲ್ಕು ವರುಷ. ಅವರ ತಂದೆಯವರು ಇನ್ನೂ ಬದುಕಿದ್ದು, ಮಗನು ಹೋದ ಮೇಲೆ ಹಲವು ವರುಷಗಳ ವರೆಗೆ ಇದ್ದರು. ಕಿಪ್ಲಿಂಗ್ ಎಂಬ ಆಂಗ್ಲ ಗ್ರಂಥಕರ್ತರು 1894ರಲ್ಲಿ ಹೊರಡಿಸಿದ ಕಾಡಿನ ಕಥೆಗಳ ಪುಸ್ತಕದಲ್ಲಿ ಬರುವ ಆನೆ ಹಿಡಿಯುವ ದೊರೆಯು ಸ್ಯಾಂಡರ್ಸನ್‌ರನ್ನೇ ನೋಡಿ ಚಿತ್ರಿಸಿದ್ದೆಂದು ಹೇಳುತ್ತಾರೆ.

ಅವರ ತರುವಾಯ ಈ ಸೀಮೆಯಲ್ಲಿ ಏನೇನಾಯಿತೆಂಬದನ್ನೂ ಚುಟುಕಾಗಿ ತಿಳಿಸುತ್ತೇವೆ. ಬಿಳಿಗಿರಿರಂಗನ ಬೆಟ್ಟಗಳಲ್ಲಿ ಕಾಫಿ ತೋಟವನ್ನು ಮಾಡಿದ ಮಾರಿಸ್ ದೊರೆಗಳು ಕಾಡುಮೃಗಗಳ ವಿಷಯವಾಗಿ ಬಹುಕಾಲ ಬರೆದರು. 1939-40ರಲ್ಲಿ ಸಾಲಿಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಶೋಧನೆಯನ್ನು ನಡಿಸಿ, ಈ ಬೆಟ್ಟಗಳ ಹಕ್ಕಿಗಳನ್ನೂ ಲೆಕ್ಕಕ್ಕೆ ತಂದರು. ಬಂಡೀಪುರದಲ್ಲಿ 1931ರಲ್ಲಿ ಮಹಾರಾಜರ ಸರಕಾರವು ಚಿಕ್ಕದಾಗಿ ಆರಂಭಿಸಿದ ಮೃಗರಕ್ಷಣೆಯ ಕಾಡು, 1973ರಲ್ಲಿ ಹುಲಿಯ ಸಂರಕ್ಷಣೆಯ ಯೋಜನೆಗೆ ಸೇರಿತು. ಹುಲಿಯು ಉಳಿಯಬೇಕೆಂದು ಸ್ಯಾಂಡರ್ಸನ್ ದೊರೆಗಳು ಒಂಟಿಯಾಗಿ ಹೇಳಿದ ಮಾತು ಹೀಗೆ ದೇಶದ ಕಾನೂನಾಯಿತು. ಕಾಕನಕೋಟೆಯ ಕಡೆಯ ಖೆಡ್ಡಾವು 1971ರಲ್ಲಿ ನಡೆಯಿತು; ಈಗ ಆನೆಯನ್ನು ಹಿಡಿಯುವದಕ್ಕೂ ಕೊಲ್ಲುವದಕ್ಕೂ ಯಾರಿಗೂ ಸ್ವತಂತ್ರವಾದ ಅಧಿಕಾರವಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ಅಭಯಾರಣ್ಯವಾಗಿ, 2011ರಲ್ಲಿ ಹುಲಿಧಾಮವಾಯಿತು. ಅದೇ 2011ರಲ್ಲಿ ಅಲ್ಲಿನ ಸೋಲಿಗರಿಗೆ ಜೇನು, ನೆಲ್ಲಿ ಮೊದಲಾದ ಕಾಡಿನ ಉತ್ಪತ್ತಿಯ ಮೇಲೆ ಸಮುದಾಯದ ಹಕ್ಕನ್ನು ಸರಕಾರವು ಒಪ್ಪಿಕೊಂಡಿತು. ದೊರೆಗೆ ಕಾಡನ್ನು ಕಲಿಸಿದವರ ಮೊಮ್ಮಕ್ಕಳ ಮರಿಮಕ್ಕಳಿಗೆ ಅಷ್ಟು ಕಾಲದ ಮೇಲೆ ನ್ಯಾಯವು ದೊರೆಯಿತು.

ಹೊಸ ಕಷ್ಟಗಳೂ ಬಂದಿವೆ. ಅಮೆರಿಕ ಖಂಡದಿಂದ ಬಂದ ಲಂಟಾನವು ಮರಗಳ ಕೆಳಗಣ ನೆಲವನ್ನೆಲ್ಲಾ ಮುಚ್ಚಿ, ಹುಲ್ಲನ್ನು ಅಡಗಿಸಿ, ಮೃಗಗಳ ಮೇವನ್ನು ಕಸಿದುಕೊಂಡಿದೆ. ತಮ್ಮ ಹಿರಿಯರು ಕಾಲಕ್ಕೆ ಸರಿಯಾಗಿ ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ ಮೇಲೆ ಇದು ಹೆಚ್ಚಿತೆಂದು ಸೋಲಿಗರು ಹೇಳುತ್ತಾರೆ. ಈಗಿನ ಶಾಸ್ತ್ರಜ್ಞರು ಆ ಮಾತನ್ನು ಗಮನದಿಂದ ಕೇಳಿ ಪರೀಕ್ಷಿಸಿದ್ದಾರೆ. ಇತ್ತ ಆನೆಯು ಹೊಲಕ್ಕೆ ಬರುವದು ನಿಂತಿಲ್ಲ. ಬೇಸಾಯಗಾರನ ನಿದ್ದೆಗೇಡೂ ತೀರಿಲ್ಲ.

ಹೀಗಿರುವಲ್ಲಿ ನಮ್ಮ ಸಭೆಯವರು ಈ ಚರಿತ್ರೆಯಿಂದ ಏನನ್ನು ಕಲಿಯಬೇಕು? ಮೊದಲನೆಯದಾಗಿ, ಅರಿಯದೆ ಹಗೆತನವನ್ನು ಬೆಳೆಸಬಾರದು. ಕೆಲವರು ಬೇಲಿಗೆ ವಿದ್ಯುತ್ತಿನ ತಂತಿಯನ್ನು ಕಳ್ಳತನದಿಂದ ಜೋಡಿಸುತ್ತಾರೆ, ಉರುಳುಗಳನ್ನು ಒಡ್ಡುತ್ತಾರೆ, ಸತ್ತ ದನದ ಮೇಲೆ ವಿಷವನ್ನು ಹಾಕುತ್ತಾರೆ. ಇದು ಹಳೆಯ ಗುಂಡಿಗಿಂತಲೂ ಕ್ರೂರವಾದದ್ದು. ಎಷ್ಟೋ ಸಲ ನೆರೆಯವನ ಮಗನೇ ಆ ತಂತಿಯನ್ನು ತುಳಿದು ಸತ್ತದ್ದುಂಟು. ಬೆಳೆ ಹಾಳಾದರೆ, ದನ ಸತ್ತರೆ, ಅರಣ್ಯ ಇಲಾಖೆಗೆ ಕೂಡಲೆ ತಿಳಿಸಿ ಪರಿಹಾರವನ್ನು ಕೇಳುವದು ನಮ್ಮ ಹಕ್ಕು. ಅರ್ಜಿ ಬರೆಯಲಾರದ ಬಡವನಿಗೆ, ಅವನು ಯಾವ ಜಾತಿಯವನೇ ಆಗಲಿ ಯಾವ ಮತದವನೇ ಆಗಲಿ, ಓದು ಬಲ್ಲ ನಮ್ಮ ಯೌವನಸ್ಥರು ಬರೆದುಕೊಡಲಿ. ಅದು ಸಭೆಯ ಸೇವೆಗಳಲ್ಲಿ ಒಂದಾಗಿರಲಿ.

ಎರಡನೆಯದಾಗಿ, ಕಾಡಿನ ಜನರನ್ನು ಕೀಳಾಗಿ ಎಣಿಸಬಾರದು. ನಾವೇ ಒಂದು ಕಾಲದಲ್ಲಿ ಊರ ಹೊರಗೆ ನಿಲ್ಲಿಸಲ್ಪಟ್ಟವರ ಮಕ್ಕಳಾಗಿರುವಲ್ಲಿ, ಇನ್ನೊಬ್ಬರನ್ನು ಹೊರಗೆ ನಿಲ್ಲಿಸುವದು ನಮಗೆ ಯೋಗ್ಯವಲ್ಲ. ಹೆಜ್ಜೇನನ್ನು ತೆಗೆಯುವಾಗ ಹುಳುಗಳಿಗೆಂದು ಒಂದು ಪಾಲನ್ನು ಬಿಡುವ, ಗೆಣಸನ್ನು ಅಗೆಯುವಾಗ ಬಳ್ಳಿಯು ಮತ್ತೆ ಚಿಗುರುವಂತೆ ಉಳಿಸುವ ಸೋಲಿಗನು, ಹೊಲದ ಮೂಲೆಯನ್ನು ಪೂರಾ ಕೊಯ್ಯಬಾರದೆಂಬ ಮೋಶೆಯ ಕಟ್ಟಳೆಯನ್ನು ಓದದೆಯೇ ಅದರ ಅರ್ಥವನ್ನು ನಡಿಸುತ್ತಿದ್ದಾನೆ.

ಮೂರನೆಯದಾಗಿ, ನಮ್ಮ ಮಕ್ಕಳಿಗೆ ನೋಡುವದನ್ನು ಕಲಿಸಬೇಕು. ಆದಾಮನಿಗೆ ದೇವರು ಕೊಟ್ಟ ಮೊದಲಿನ ಕೆಲಸಗಳಲ್ಲಿ ಪ್ರಾಣಿಗಳಿಗೆ ಹೆಸರಿಡುವದೂ ಒಂದು. ಸೊಲೊಮೋನನ ಜ್ಞಾನವನ್ನು ವರ್ಣಿಸುವಾಗ ಅವನು ಮರಗಳನ್ನೂ ಮೃಗಗಳನ್ನೂ ಪಕ್ಷಿಗಳನ್ನೂ ಕುರಿತು ಮಾತಾಡಿದನೆಂದು ಶಾಸ್ತ್ರವು ಹೇಳುವದು. ನಮ್ಮ ಕರ್ತನು ಸಹಾ ಅಡವಿಯ ಹೂವನ್ನೂ ಆಕಾಶದ ಹಕ್ಕಿಯನ್ನೂ ನೋಡಿರೆಂದು ಶಿಷ್ಯರಿಗೆ ತೋರಿಸಿದನು. ಆದ್ದರಿಂದ ಸಂಡೇಸ್ಕೂಲಿನ ಉಪಾಧ್ಯಾಯರು ತಿಂಗಳಿಗೊಂದು ದಿನವಾದರೂ ಮಕ್ಕಳನ್ನು ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋಗಲಿ. ಮರಗಳ, ಕಲ್ಲುಗಳ, ಹಕ್ಕಿಗಳ ಹೆಸರುಗಳನ್ನು ಊರ ಹಿರಿಯರಿಂದ ಕೇಳಿಸಿ ಬರೆಯಿಸಲಿ. ಆ ಹೆಸರುಗಳು ಕನ್ನಡದಲ್ಲಿ ಇನ್ನೂ ಬಾಯಲ್ಲಿ ಜೀವಿಸುತ್ತಿವೆ. ಹಿರಿಯರು ಹೋದರೆ ಅವೂ ಹೋಗುವವು.

ಒಬ್ಬ ಅಯ್ಯನವರು ನಮ್ಮ ನುಡಿಯ ಶಬ್ದಗಳನ್ನು ಕೂಡಿಸಿಟ್ಟರು. ಅವರ ಮಗನು ನಮ್ಮ ಕಾಡಿನ ಜೀವಿಗಳ ನಡತೆಯನ್ನು ಬರೆದಿಟ್ಟನು. ಇಬ್ಬರಿಗೂ ಆ ಸಂಪತ್ತನ್ನು ಒದಗಿಸಿದವರು ಹೆಸರಿಲ್ಲದ ನಮ್ಮ ಹಳ್ಳಿಗರೇ. ಭೂಮಿಯೂ ಅದರಲ್ಲಿರುವದೆಲ್ಲವೂ ಯಾರದೋ ಆತನು, ಬೆಳೆಯನ್ನು ಕಾಯುವ ನಮ್ಮ ಬೇಸಾಯಗಾರರಿಗೆ ಧೈರ್ಯವನ್ನೂ, ಕಾಡಿನ ಜೀವಿಗಳಿಗೆ ನೆಲೆಯನ್ನೂ, ನಮ್ಮೆಲ್ಲರಿಗೂ ತಿಳುವಳಿಕೆಯುಳ್ಳ ಕಣ್ಣುಗಳನ್ನೂ ದಯಪಾಲಿಸಲಿ.